ಒಡೆದದ್ದರ ಲೆಕ್ಕ

ಪನೆವೆಝಿಸ್‌ನಲ್ಲಿ ಜನವರಿ. ಎಂಟು ಹೊಡೆದರೂ ಬೆಳಕಿಲ್ಲ.
ಮೂವರು ಕೂತಿದ್ದೇವೆ. ಮೇಜಿನ ಮೇಲೆ ಕಾಫಿ, ಕಪ್ಪು ಬ್ರೆಡ್ಡು,
ಹದಿನಾಲ್ಕು ಲಾರಿಗಳ ಹಣೆಬರಹ.

ಹಣಕಾಸಿನ ಸ್ಕಿರ್ಮಾಂತೆ ಪರದೆಗೆ ಬೆರಳಿಟ್ಟಳು:
ಹೋಗುವಾಗ ಗಾಜು, ಬರುವಾಗ ಗಾಳಿ.
ವಾರ್ಸಾದಿಂದ ಇಲ್ಲಿಯ ತನಕ
ನಾವು ದುಡ್ಡು ಕೊಟ್ಟು ಗಾಳಿ ತರಿಸುತ್ತೇವೆ,
ಡೀಸೆಲ್, ಟೈರು, ಟೋಲು, ಚಾಲಕನ ರಾತ್ರಿಯೂಟ;
ಗಾಳಿಯ ಬಿಲ್ಲು ಯಾರೂ ಕಟ್ಟುವುದಿಲ್ಲ.

ಕೌನಸ್‌ನ ಸಾಗಣೆ ಕಂಪನಿಯ ಕೊಟೇಶನ್ನು
ಇಸ್ತ್ರಿ ಹಾಕಿದ ಅಂಗಿಯ ಹಾಗಿತ್ತು.
ಶೇಕಡಾ ಹದಿನೇಳು ಉಳಿತಾಯ.
ಅವರಿಗೆ ಮರಳುವ ದಾರಿಯಲ್ಲೂ ಸರಕುಂಟು:
ಪೋಲೆಂಡಿನ ಸೇಬು, ಯಾರದೋ ಸೋಫಾ, ನಾಯಿಯ ಬಿಸ್ಕತ್ತು.
ನಮ್ಮ ಲಾರಿಗೆ ಓರೆ ಚೌಕಟ್ಟು ಬೆಸೆದಿದೆ.
ಅದರ ಮೇಲೆ ಗಾಜು ಒರಗುತ್ತದೆ, ಸೇಬು ಕೂರುವುದಿಲ್ಲ.

ಗೋದಾಮಿನ ಅಲ್ದೋನಾಳನ್ನು ಯಾರೂ ಕರೆದಿರಲಿಲ್ಲ.
ಸಹಿ ಬೇಕೆಂದು ಬಂದವಳು ಬಾಗಿಲಲ್ಲೇ ನಿಂತು ಅಂದಳು:
ಗುತ್ತಿಗೆ ಬೇಕಾದರೆ ಕೊಡಿ, ಕುತ್ತಿಗೆ ಕೊಡಬೇಡಿ.

ಮಾಲೀಕ ವೈದೋತಾಸ್ ನಕ್ಕ. ಅವನದು ಯಾವಾಗಲೂ ಒಂದೇ ಪ್ರಶ್ನೆ:
ನಾವು ಗಾಜು ಮಾಡುವವರೋ, ಲಾರಿ ಓಡಿಸುವವರೋ?
ಆ ಪ್ರಶ್ನೆಯನ್ನು ಯಾವುದೋ ತರಬೇತಿಯಲ್ಲಿ ಕೊಟ್ಟಿದ್ದರು,
ಪುಕ್ಕಟೆ ಪೆನ್ನಿನ ಜೊತೆ.

ನನ್ನ ಬಳಿಯೂ ಒಂದು ಅಂಕಣವಿತ್ತು: ಒಡೆದದ್ದು.
ನಮ್ಮದು ಸಾವಿರ ಹಾಳೆಗೆ ಮೂರು.
ಅವರದು, ಅವರೇ ಒಪ್ಪಿಕೊಂಡಂತೆ, ಹದಿನಾಲ್ಕು.
ವಿಮೆಯಿದೆಯಲ್ಲ, ಅಂದಳು ಸ್ಕಿರ್ಮಾಂತೆ.
ಗಾಜಿಗಿದೆ. ಟಾಲಿನ್ನಿನ ಶಾಲೆಯ ಕಿಟಕಿಗಳಿಗೆ
ಪ್ಲಾಸ್ಟಿಕ್ ಹೊದಿಸಿ, ಹಿಮದಲ್ಲಿ
ನಮ್ಮ ದಾರಿ ಕಾಯುವ ಮೇಸ್ತ್ರಿಗೆ?
ಅಡಕೆಗೆ ಹೋದ ಮಾನವನ್ನು ಯಾವ ವಿಮೆ ತುಂಬುತ್ತದೆ?

ಗೆದ್ದೆ ಅಂದುಕೊಂಡೆ.

ರಾತ್ರಿ ಆ ಮೂರರ ಬೆನ್ನು ಹತ್ತಿದೆ.
ವಾರದ ಪ್ರಕಾರ ವಿಂಗಡಿಸಿದೆ. ಎರಡು, ಎರಡು, ಒಂದು, ಎರಡು,
ನಡುವೆ ಇದ್ದಕ್ಕಿದ್ದಂತೆ ಹನ್ನೆರಡು. ಮತ್ತೊಂದು ಬೇಸಗೆ, ಹದಿನಾರು.
ರಜೆಯ ಪುಸ್ತಕ ತೆರೆದೆ.
ಎರಡೂ ಸಲ ಬ್ರೋನ್ಯುಸ್ ಊರಲ್ಲಿರಲಿಲ್ಲ.

ಗೊತ್ತಿತ್ತು, ಗೊತ್ತಿದ್ದೂ ನೋಡಿರಲಿಲ್ಲ:
ಬೆಳಗಿನ ಜಾವ ನಾಲ್ಕಕ್ಕೆ ಅವನು
ಹದಿನಾಲ್ಕೂ ಲಾರಿ ಸುತ್ತುತ್ತಾನೆ,
ಬೆರಳಗೆಣ್ಣಿನಿಂದ ಹಾಳೆ ತಟ್ಟಿ ಕಿವಿಗೊಡುತ್ತಾನೆ.
ಎಲ್ಲಿ ದನಿ ಸಡಿಲವೋ ಅಲ್ಲಿ ಒಂದು ಕಾರ್ಕಿನ ಬಿಲ್ಲೆ.
ನಮ್ಮ ಕಡತದಲ್ಲಿ ಅವನು ಚಾಲಕ, ಎರಡನೆಯ ದರ್ಜೆ.
ತಟ್ಟು ಎಂದು ಯಾರೂ ಹೇಳಿಲ್ಲ,
ತಟ್ಟಿದ್ದಕ್ಕೆ ಯಾರೂ ಕೊಟ್ಟಿಲ್ಲ.
ಏಪ್ರಿಲ್‌ಗೆ ನಿವೃತ್ತಿ.

ಇಷ್ಟು ವರ್ಷ ನಾವು ಕಂಪನಿಯ ಕಸುಬು ಎಂದುಕೊಂಡದ್ದು
ಒಬ್ಬ ಮನುಷ್ಯನ ಕಿವಿ.
ಕರಾರಿಲ್ಲದೆ, ದರವಿಲ್ಲದೆ, ಅವನಿಗೂ ತಿಳಿಸದೆ
ಎಂದೋ ಹೊರಗುತ್ತಿಗೆ ಕೊಟ್ಟಾಗಿತ್ತು.

ಶುಕ್ರವಾರ ತೀರ್ಮಾನವಾಯಿತು:
ಒಂಬತ್ತು ಲಾರಿಯ ಕೆಲಸ ಕೌನಸ್‌ಗೆ, ಐದು ನಮ್ಮಲ್ಲೇ.
ಸಭೆಯ ವರದಿಯಲ್ಲಿ ಕಾರಣ ‘ಸಮತೋಲನ’ ಎಂದಿದೆ.
ನಿಜ ಹೇಳಲೇ? ಹೊಸ ಶೆಡ್ಡಿನಲ್ಲಿ ಐದೇ ಹಿಡಿಸುತ್ತವೆ.
ಕರಾರಿಗೆ ನಾನೊಂದು ಸಾಲು ಸೇರಿಸಿದೆ:
ಲೋಡು ಹೇರುವುದು ನಮ್ಮ ಅಂಗಳದಲ್ಲಿ, ನಮ್ಮ ಕಿವಿಯೆದುರು.
ವಕೀಲೆ ‘ಕಣ್ಣೆದುರು’ ಎಂದು ತಿದ್ದಿದಳು.

ನಿನ್ನೆ ನಾಲ್ಕಕ್ಕೆ ಅಂಗಳಕ್ಕೆ ಹೋದೆ.
ಕೌನಸ್ ಕಂಪನಿಯ ಹುಡುಗ ಓಯ್ಬೆಕ್, ಸಮರ್ಕಂದಿನವನು,
ಕೈಗವಸು ಬಿಚ್ಚಿ ಹಾಳೆಗೆ ಗೆಣ್ಣು ತಾಗಿಸಿದ್ದ.
ಬ್ರೋನ್ಯುಸ್ ತಲೆಯಾಡಿಸಿದ: ಅಲ್ಲ.
ಮುಂದಿನದು: ಅಲ್ಲ.
ಅದರ ಮುಂದಿನದಕ್ಕೆ ಇಬ್ಬರೂ ಒಟ್ಟಿಗೇ
ಕಾರ್ಕಿನ ಡಬ್ಬಿಗೆ ಕೈ ಹಾಕಿದರು.

ಅವರು ಆಚೆ ಸರಿದ ಮೇಲೆ ನಾನೂ ತಟ್ಟಿ ನೋಡಿದೆ.
ಗಾಜು ತಣ್ಣಗಿತ್ತು.
ನನಗೆ ಕೇಳಿಸಿದ್ದು ಗಾಜು, ಅಷ್ಟೆ.